ಹದಿಮೂರು ಸೆಕೆಂಡಿನ ಹಸಿರು

ಮಾರ್ಚ್ 3, ಸೋಮವಾರ

ಸಾಹೇಬರು ಇವತ್ತು ಬೆಳಿಗ್ಗೆ ಎಂಟೂವರೆಗೇ ಕರೆಸಿ ಕೂರಿಸಿದರು. ಕುರ್ಚಿ ತೋರಿಸಿದಾಗಲೇ ಅನುಮಾನ ಬಂತು. ಒಳ್ಳೆಯ ಸುದ್ದಿಯಾಗಿದ್ದರೆ ನಿಂತಲ್ಲೇ ಹೇಳಿ ಕಳಿಸುತ್ತಿದ್ದರು. ಊರಿನಲ್ಲಿರುವ ನೂರ ಹನ್ನೆರಡು ಪಾದಚಾರಿ ಸಿಗ್ನಲ್‌ಗಳನ್ನೂ ಇದೇ ಇಪ್ಪತ್ತೆಂಟರೊಳಗೆ ಹೊಸದಾಗಿ ಅಳೆದು ಮುಗಿಸಬೇಕಂತೆ. ದಿನಕ್ಕೆ ಎರಡು ಅಳೆದರೆ ಬೆನ್ನು ತಟ್ಟಿಕೊಳ್ಳುವ ವಿಭಾಗ ನಮ್ಮದು. "ಆಗುತ್ತೆ ಅಲ್ವೇನ್ರೀ?" ಎಂದು ಕೇಳಿದರು. ಅದು ಪ್ರಶ್ನೆಯಾಗಿರಲಿಲ್ಲ.

ರಸ್ತೆ ದಾಟುವವರಿಗೆ ಹಸಿರು ದೀಪ ಎಷ್ಟು ಸೆಕೆಂಡು ಉರಿಯಬೇಕು ಎಂಬುದನ್ನು ನಮ್ಮಲ್ಲಿ ಯಾವ ಯಂತ್ರವೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ನಾನು ದಾಟುತ್ತೇನೆ, ಅಕ್ಕ ಸ್ಟಾಪ್‌ವಾಚ್ ಒತ್ತುತ್ತಾರೆ. ಆ ಕಡೆಗೆ ಐದು ಸಲ, ಈ ಕಡೆಗೆ ಐದು ಸಲ, ಕೊನೆಗೆ ಸರಾಸರಿ. ಅಂಕಿಯನ್ನು ಹಾಳೆಯಲ್ಲಿ ತುಂಬಿ ಸಂಜೆ ಕಂಟ್ರೋಲ್ ರೂಮಿಗೆ ಕಳಿಸಿದರೆ ಮರುದಿನ ಬೆಳಿಗ್ಗೆ ದೀಪ ಅದರಂತೆ ನಡೆಯುತ್ತದೆ. ಹಾಳೆಯ ತುದಿಯಲ್ಲಿ 'ಷರಾ' ಎಂಬ ಕಾಲಂ ಇದೆ. ಅದರಲ್ಲಿ ಅಕ್ಕ ಮುತ್ತಿನಂಥ ಅಕ್ಷರಗಳಲ್ಲಿ ಏನೋ ಬರೆಯುತ್ತಾರೆ. ಹನ್ನೊಂದು ವರ್ಷದಲ್ಲಿ ಅದನ್ನು ಯಾರೂ ಓದಿದ್ದನ್ನು ನಾನು ಕಂಡಿಲ್ಲ, ನಾನೂ ಓದಿಲ್ಲ. ಅಕ್ಕ ನನ್ನ ಒಡಹುಟ್ಟಿದವರಲ್ಲ, ವಿಭಾಗದ ಹಿರಿಯ ಗುಮಾಸ್ತೆ. ಬರುವ ವರ್ಷ ನಿವೃತ್ತಿ. ಸಾಹೇಬರನ್ನು ಬಿಟ್ಟು ಇಡೀ ಕಚೇರಿಗೆ ಅಕ್ಕ.

ಈ ಕೆಲಸಕ್ಕೆ ನನ್ನನ್ನು ಆರಿಸಿದ್ದು ಬುದ್ಧಿ ನೋಡಿ ಅಲ್ಲ, ನಡಿಗೆ ನೋಡಿ. ಆಗಿನ ಸಾಹೇಬರು ನಾನು ಕಾರಿಡಾರಿನಲ್ಲಿ ಫೈಲು ಹಿಡಿದು ಬರುವುದನ್ನು ನೋಡಿ ನೋಡಿ ಬೇಸತ್ತು, "ಇವನು ದಾಟಿದ ಅಂದ್ರೆ ಊರೇ ದಾಟಿದ ಹಾಗೆ" ಎಂದು ಆದೇಶ ಹೊರಡಿಸಿದರು. ಅಂದಿನಿಂದ ಈ ಊರಿಗೆ ನನ್ನ ನಡಿಗೆಯೇ ಅಳತೆಗೋಲು. ಹೇಳಿಕೊಳ್ಳಬಾರದು, ಆದರೆ ಇದು ನನ್ನದೇ ದಿನಚರಿ ತಾನೇ, ಹೇಳಿಕೊಳ್ಳುತ್ತೇನೆ: ನನಗೆ ಹೆಮ್ಮೆಯಿದೆ.

ಮನೆಗೆ ವಾಪಸು ಬಂದು ಅಮ್ಮನಿಗೆ ಸುದ್ದಿ ಹೇಳಿದೆ. "ಅಷ್ಟು ನಡೆದ್ರೆ ನಿನ್ನ ಚಪ್ಪಲಿ ಸವೆಯುತ್ತೆ ಕಣೋ" ಎಂದು ಅರ್ಧ ಲೋಟ ಬಿಸಿನೀರು ಕುಡಿದು ಎದುರುಮನೆಗೆ ಹೊರಟಳು. ನಮ್ಮ ಮನೆ ಮುಂದಿನ ದೊಡ್ಡ ರಸ್ತೆಯಾಚೆ ನಿವೃತ್ತ ಡ್ರಾಯಿಂಗ್ ಟೀಚರ್ ಒಬ್ಬರಿದ್ದಾರೆ. ಅಮ್ಮನಿಗೂ ಟೀಚರಮ್ಮನಿಗೂ ದಿನಾ ಹತ್ತು ಗಂಟೆಗೆ ಇಸ್ಪೀಟಿನ ರಮ್ಮಿ. ಮಧ್ಯೆ ಇರುವುದು ನನ್ನ ಪಟ್ಟಿಯ ಅರವತ್ತೊಂದನೇ ಸಿಗ್ನಲ್, ಇಪ್ಪತ್ನಾಲ್ಕು ಸೆಕೆಂಡು. ಇವತ್ತು ನನಗೆ ಮಧ್ಯಾಹ್ನದ ಪಾಳಿ, ಹಾಗಾಗಿ ಕಿಟಕಿಯಿಂದ ನೋಡಿದೆ. ಅಮ್ಮ ಆ ಬದಿ ಮುಟ್ಟುವುದಕ್ಕೂ ದೀಪ ಕೆಂಪಾಗುವುದಕ್ಕೂ ಸರಿಹೋಯಿತು. ಅಳತೆ ಅಂದರೆ ಹಾಗಿರಬೇಕು.

ಮಾರ್ಚ್ 5, ಬುಧವಾರ

ಎರಡೂವರೆ ದಿನಕ್ಕೆ ಐದು ಸಿಗ್ನಲ್. ಮಧ್ಯಾಹ್ನ ಊಟವಾದ ಮೇಲೆ ಕಂಬಕ್ಕೆ ಒರಗಿದವನು ನಿಂತಲ್ಲೇ ನಿದ್ದೆ ಹೋದೆ. ಅಕ್ಕ ಎಬ್ಬಿಸಲಿಲ್ಲ. "ಎರಡು ಹಸಿರು ಹೋಯ್ತು ತಮ್ಮಾ, ಮೂರನೇದಕ್ಕೆ ಏಳು" ಎಂದರು.

ಕಚೇರಿ ಮೂಲೆಯ ಅಂಗಡಿಯವನು ನನ್ನ ಮುಖ ನೋಡಿ ಫ್ರಿಜ್ಜಿನಿಂದ ಒಂದು ಡಬ್ಬಿ ತೆಗೆದ. ಕಪ್ಪು ಡಬ್ಬಿ, ಮೇಲೆ ಹಳದಿ ಅಕ್ಷರದಲ್ಲಿ 'ಗುಡುಗು' ಎಂದಿದೆ. "ಒಂದು ಹೊಡೀರಿ ಸಾರ್. ಕಾಫಿ ಎಲ್ಲಾ ಇದರ ಮುಂದೆ ನೀರು" ಎಂದ. ಕೆಮ್ಮಿನ ಔಷಧಿಗೆ ಸೋಡಾ ಬೆರೆಸಿದ ರುಚಿ. ಇದನ್ನು ಜನ ಇಷ್ಟಪಟ್ಟು ಕುಡಿಯುತ್ತಾರಾ ಎಂದು ಮೂಗು ಮುರಿದೆ.

ಅರ್ಧ ಗಂಟೆಯ ಮೇಲೆ ಏನಾಯಿತೋ, ಕಾಲಿಗೆ ಚಕ್ರ ಕಟ್ಟಿದಂತಾಯಿತು. ಸಂಜೆಯೊಳಗೆ ಐದು ಸಿಗ್ನಲ್ ಮುಗಿಸಿದೆ. ಎರಡೂವರೆ ದಿನದ ಕೆಲಸ ಮೂರು ಗಂಟೆಯಲ್ಲಿ! ಇಷ್ಟು ವರ್ಷ ಈ ಕಾಲುಗಳು ನನ್ನ ಜೊತೆಯಲ್ಲೇ ಇದ್ದವು, ಒಂದು ಮಾತು ಹೇಳಿರಲಿಲ್ಲ.

ಮಾರ್ಚ್ 7, ಶುಕ್ರವಾರ

ಬೆಳಿಗ್ಗೆ ಒಂದು ಡಬ್ಬಿ, ಮಧ್ಯಾಹ್ನ ಒಂದು. ಒಟ್ಟು ಇಪ್ಪತ್ತಾರು ಸಿಗ್ನಲ್ ಆಯಿತು.

ಒಂದು ವಿಚಿತ್ರ ಕಂಡುಹಿಡಿದೆ. ಹೊಸ ಅಂಕಿಗಳೆಲ್ಲ ಹಳೆಯವಕ್ಕಿಂತ ಕಡಿಮೆ ಬರುತ್ತಿವೆ. ಇಪ್ಪತ್ತು ಇದ್ದದ್ದು ಹದಿನಾಲ್ಕು, ಹದಿನೆಂಟು ಇದ್ದದ್ದು ಹನ್ನೆರಡು. ಡಾಂಬರು ಹಾಕಿ ಹಾಕಿ ರಸ್ತೆ ಕಿರಿದಾಗಿದೆಯೋ ಎಂದು ಮೊದಲು ಅನುಮಾನಪಟ್ಟೆ, ಟೇಪು ಹಿಡಿದು ನೋಡಿದರೆ ಇದ್ದಷ್ಟೇ ಇದೆ. ಹಾಗಾದರೆ ಹಿಂದೆ ಅಳೆದವನು ಸೋಮಾರಿಯೆಂದೇ ಅರ್ಥ. ಹಿಂದೆ ಅಳೆದವನೂ ನಾನೇ, ನಿಜ. ಆದರೆ ಆಗ ನನಗೆ ತಿಳಿವಳಿಕೆ ಇರಲಿಲ್ಲ.

"ಸ್ವಲ್ಪ ನಿಧಾನ ತಮ್ಮಾ, ನನ್ನ ಹೆಬ್ಬೆರಳಿಗೆ ನಿನ್ನ ಹಿಡಿಯೋಕೆ ಆಗ್ತಿಲ್ಲ" ಎಂದರು ಅಕ್ಕ. ಪಾಪ, ವಯಸ್ಸಾಯಿತು. ಷರಾ ಕಾಲಂನಲ್ಲಿ ಇವತ್ತು ಎರಡು ಸಾಲು ಜಾಸ್ತಿಯೇ ಬರೆದರು.

ಮಾರ್ಚ್ 10, ಸೋಮವಾರ

ಬೆಳಿಗ್ಗೆ ಐದಕ್ಕೆ ಎಚ್ಚರವಾಯಿತು. ಸುಮ್ಮನೆ ಬಿದ್ದುಕೊಂಡಿರುವುದೇಕೆ ಎಂದು ಅಡುಗೆಮನೆಯ ಡಬ್ಬಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದೆ. ಆಮೇಲೆ ಕಾಲುಚೀಲಗಳಿಗೆ ಇಸ್ತ್ರಿ ಮಾಡಿದೆ. ಹೆಂಡತಿ ಎದ್ದು ಬಂದು ಸಕ್ಕರೆ ಹುಡುಕಿದಳು, ಸಿಗಲಿಲ್ಲ. ಉಪ್ಪು ಹುಡುಕಿದಳು, ಅದೂ ಸಿಗಲಿಲ್ಲ. "ರೀ, ನಿಮಗೆ ಏನಾಗಿದೆ?" ಎಂದಳು. ಒಳ್ಳೆಯ ಕೆಲಸ ಮಾಡಿದವರಿಗೆ ಈ ಮನೆಯಲ್ಲಿ ಸಿಗುವ ಬಹುಮಾನ ಇದು.

ಅವಳು ಮೆಡಿಕಲ್ ಶಾಪ್‌ನಲ್ಲಿ ಫಾರ್ಮಸಿಸ್ಟ್. ಮೊಸರಲ್ಲಿ ಕಲ್ಲು ಹುಡುಕುವ ಕಣ್ಣು. ಬ್ಯಾಗಿನಲ್ಲಿದ್ದ ಡಬ್ಬಿ ತೆಗೆದು, ಹಿಂಬದಿಯ ಇರುವೆ ಗಾತ್ರದ ಅಕ್ಷರಗಳನ್ನು ಕನ್ನಡಕವಿಲ್ಲದೆ ಓದಿ, "ಇದರಲ್ಲಿ ಮೂರು ಲೋಟ ಕಾಫಿ ಇದೆ, ಗೊತ್ತಾ? ದಿನಕ್ಕೆ ಎಷ್ಟು ಕುಡೀತೀರ?" ಎಂದಳು. ಒಂದು ಎಂದೆ. ಒಂದೊಂದಾಗಿಯೇ ಕುಡಿಯುವುದು, ಸುಳ್ಳೇನಲ್ಲ.

ಇತ್ತೀಚೆಗೆ ಎಲ್ಲರೂ ನಿಧಾನವಾಗಿದ್ದಾರೆ. ಕಚೇರಿಯ ಲಿಫ್ಟು ನಿಧಾನ. ಬಸ್ಸು ನಿಧಾನ. ಸಾಹೇಬರು ವಾಕ್ಯ ಶುರು ಮಾಡಿದರೆ ಮುಗಿಸುವಷ್ಟರಲ್ಲಿ ನಾನು ಮನಸ್ಸಿನಲ್ಲಿ ಮೂರು ಸಲ ಮುಗಿಸಿರುತ್ತೇನೆ. ಇವತ್ತು ಒಂದನ್ನು ಬಾಯಿ ಬಿಟ್ಟೇ ಮುಗಿಸಿದೆ. ಅವರು ಹೇಳಹೊರಟಿದ್ದು ಬೇರೆಯೇ ಇತ್ತಂತೆ.

ಮಾರ್ಚ್ 12, ಬುಧವಾರ

ಇವತ್ತು ಅರವತ್ತೊಂದು, ನಮ್ಮ ಮನೆ ಮುಂದಿನದು! ಅಮ್ಮ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಮಗ ಕೆಲಸ ಮಾಡುವುದನ್ನು ಕಣ್ಣಾರೆ ನೋಡಲಿ ಎಂದು ಮಾಮೂಲಿಗಿಂತ ಚುರುಕಾಗಿಯೇ ದಾಟಿದೆ. ಒಂದು ಸಲ ದಾಟುತ್ತಲೇ ಕೈ ಬೀಸಿದೆ. ಅವಳು ಬೀಸಲಿಲ್ಲ, ಕೈ ಬಾಯಿಗಿಟ್ಟುಕೊಂಡಿದ್ದಳು. ಆನಂದ ಇರಬೇಕು.

ಹದಿಮೂರು ಸೆಕೆಂಡು ಬಂತು. ಇಪ್ಪತ್ನಾಲ್ಕಿದ್ದದ್ದು ಹದಿಮೂರು. ಅಕ್ಕ ಅಂಕಿ ಬರೆಯದೆ ಪೆನ್ನಿನ ಕ್ಯಾಪು ಹಾಕಿ ತೆಗೆದು ಮಾಡಿದರು.

"ತಮ್ಮಾ, ಇನ್ನೊಂದು ಸಲ ದಾಟ್ತೀಯಾ? ಮನುಷ್ಯರ ಹಾಗೆ?"

"ಹತ್ತು ಸಲ ಆಯ್ತಲ್ಲ ಅಕ್ಕ. ನಿಯಮ ಅಂದ್ರೆ ನಿಯಮ."

"ಸರಿ, ನಿಯಮದ ಪ್ರಕಾರ ನಾನು ಷರಾ ಬರೀತೀನಿ" ಎಂದು ಬರೆಯತೊಡಗಿದರು. ಬರೆಯಲಿ. ಅವರ ನಿಧಾನ ಅವರಿಗೆ.

ಮಾರ್ಚ್ 14, ಶುಕ್ರವಾರ

ಅಮ್ಮ ಎರಡು ದಿನದಿಂದ ರಮ್ಮಿಗೆ ಹೋಗಿಲ್ಲ. ಕೇಳಿದರೆ, "ಟೀಚರಮ್ಮಂಗೆ ನೆಗಡಿ" ಎಂದಳು. ಸಂಜೆ ನೋಡಿದರೆ ಟೀಚರಮ್ಮ ತಮ್ಮ ಬಾಲ್ಕನಿಯಲ್ಲಿ ನಿಂತು ಬಟ್ಟೆ ಕೊಡವುತ್ತಿದ್ದರು. ನೆಗಡಿಯಾದವರು ಬಟ್ಟೆ ಕೊಡವಬಾರದೆಂದೇನೂ ಇಲ್ಲವಲ್ಲ.

ಇವತ್ತು ಮೂರು ಡಬ್ಬಿ, ಎಪ್ಪತ್ತೆಂಟನೇ ಸಿಗ್ನಲ್.

ಮಾರ್ಚ್ 17, ಸೋಮವಾರ

ಅಮ್ಮನ ನೆಪ ಈಗ ಮಂಡಿಗೆ ಬಂದಿದೆ. ಮಂಡಿನೋವಂತೆ. ರಮ್ಮಿ ಮಾತ್ರ ನಿಂತಿಲ್ಲ, ಫೋನಿನ ಸ್ಪೀಕರ್ ಹಾಕಿಕೊಂಡು ನಡೆಯುತ್ತಿದೆ. ಆಕೆ ಆ ಮನೆಯಲ್ಲಿ ತನ್ನ ಕಟ್ಟನ್ನು ಹಂಚಿಕೊಳ್ಳುವುದು, ಇವಳು ಈ ಮನೆಯಲ್ಲಿ ತನ್ನ ಕಟ್ಟನ್ನು ಹಂಚಿಕೊಳ್ಳುವುದು.

"ನಾನು ಇಸ್ಪೀಟ್ ರಾಣಿ ಇಳಿಸಿದೆ."

"ಅದು ಹೇಗೇ ಇಳಿಸ್ತೀಯ? ರಾಣಿ ನನ್ನ ಕೈಲಿದ್ದಾಳೆ!"

ಅಮ್ಮ ಎದುರು ಕೂತು ಆಡುವಾಗಲೇ ಮೋಸ ಮಾಡುವವಳು, ಫೋನಿನಲ್ಲಿ ಕೇಳಬೇಕೇ? ಒಂದು ಗಂಟೆಯಲ್ಲಿ ಇಬ್ಬರೂ ಏಳೇಳು ಆಟ ಗೆದ್ದರು. ಗೆದ್ದರೂ ಅಮ್ಮನ ಮುಖದಲ್ಲಿ ಗೆಲುವಿರಲಿಲ್ಲ.

ಆಟ ಮುಗಿದ ಮೇಲೆ ಆ ಕಡೆಯಿಂದ ಟೀಚರಮ್ಮ ಯಾರಿಗೋ ಸಹಸ್ರನಾಮಾರ್ಚನೆ ಮಾಡುತ್ತಿದ್ದರು. ಅಮ್ಮ, "ಹಾಗೆಲ್ಲ ಅನ್ಬೇಡ ಕಣೇ. ಪಾಪ, ಕೆಲಸದ ಒತ್ತಡ. ಹೆತ್ತ ತಾಯಿ ಕೇಳಿಸ್ಕೊಂಡ್ರೆ ಎಷ್ಟು ನೊಂದ್ಕೊಳ್ಳಲ್ಲ?" ಎಂದಳು. ಯಾರ ಮಗನ ವಿಚಾರವೋ. ಅಮ್ಮನಿಗೆ ಊರವರ ಮೇಲೆಲ್ಲ ಕರುಣೆ.

ಮಾರ್ಚ್ 19, ಬುಧವಾರ

ಊರು ಬದಲಾಗಿದೆ! ಬಸ್ಸಿನ ಕಿಟಕಿಯಿಂದ ನೋಡಿದೆ. ಹಸಿರು ಬಿದ್ದ ಕೂಡಲೇ ಜನ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡುತ್ತಾರೆ. ಟೈ ಕಟ್ಟಿದವರು, ತರಕಾರಿ ಚೀಲದವರು, ಮಗುವಿನ ಗಾಡಿ ತಳ್ಳುವವರು, ಎಲ್ಲರೂ. ಇಷ್ಟು ದಿನ ಮೈಮರೆತು ನಡೆಯುತ್ತಿದ್ದ ಊರಿಗೆ ನಾನು ವ್ಯಾಯಾಮ ಕಲಿಸಿದೆ. ಜೀಬ್ರಾ ಪಟ್ಟೆಗಳ ಮೇಲೆ ಅಲ್ಲಲ್ಲಿ ಒಂಟಿ ಚಪ್ಪಲಿಗಳು ಬಿದ್ದಿರುತ್ತವೆ. ಗಟ್ಟಿ ಚಪ್ಪಲಿ ಕೊಳ್ಳಬೇಕು ಜನ.

ಕಚೇರಿಗೆ ಕೆಲವು ದೂರು ಬಂದಿವೆ. ಒಬ್ಬ ಶಾಲಾ ಶಿಕ್ಷಕಿ ನಲವತ್ತು ಮಕ್ಕಳ ಸಾಲು ದಾಟಿಸಲು ಹೋಗಿ, ಹದಿನೆಂಟು ಆ ಕಡೆ, ಇಪ್ಪತ್ತೆರಡು ಈ ಕಡೆ, ತಾನು ಡಿವೈಡರ್ ಮೇಲೆ ಉಳಿದು, ಅಲ್ಲಿಂದಲೇ ಎರಡೂ ಕಡೆಗೆ ಪಾಠ ಮಾಡಿದರಂತೆ. ಸಾಹೇಬರು ದೂರುಗಳ ಮೇಲೆ ಪೇಪರ್‌ವೇಟ್ ಇಟ್ಟರು. "ವಾಹನಗಳ ಹರಿವು ನೂರಕ್ಕೆ ಹದಿನೆಂಟು ಏರಿದೆ ಕಣ್ರೀ! ಇಪ್ಪತ್ತೆಂಟಕ್ಕೆ ನಿಮಗೊಂದು ಪ್ರಶಸ್ತಿಪತ್ರ" ಎಂದರು. ಹನ್ನೊಂದು ವರ್ಷ ನಿಧಾನವಾಗಿ ನಡೆದವನಿಗೆ ಒಂದು ಲಕೋಟೆಯೂ ಬಂದಿರಲಿಲ್ಲ.

ಮೂಲೆ ಅಂಗಡಿಯವನು ಎರಡನೇ ಫ್ರಿಜ್ಜು ತರಿಸಿದ್ದಾನೆ. ಅದನ್ನು ಅಂಗಡಿಯಲ್ಲಿಟ್ಟಿಲ್ಲ, ಸಿಗ್ನಲ್ ಕಂಬದ ಪಕ್ಕದಲ್ಲಿಟ್ಟು 'ದಾಟುವ ಮುನ್ನ ಒಂದು ಗುಡುಗು' ಎಂದು ಬೋರ್ಡು ಹಾಕಿದ್ದಾನೆ. ಕ್ಯೂ ನಿಂತಿತ್ತು. "ಎಲ್ಲಾ ನಿಮ್ಮ ಆಶೀರ್ವಾದ ಸಾರ್" ಎಂದು ಕೈಮುಗಿದ. ನಾನೇನು ಮಾಡಿದೆನೆಂದು ತಿಳಿಯಲಿಲ್ಲ. ಇರಲಿ, ಕೈಮುಗಿದವರಿಗೆ ಬೇಡ ಎನ್ನಬಾರದು.

ಮಾರ್ಚ್ 20, ಗುರುವಾರ

ಅಮ್ಮನ ಮಂಡಿನೋವು ಹೋಯಿತಂತೆ. ಹತ್ತಕ್ಕೆ ಹೊರಟು ಹನ್ನೆರಡೂವರೆಗೆ ಬಂದಳಂತೆ, ಲವಲವಿಕೆಯಿಂದ ಇದ್ದಾಳೆ. ಆದರೆ ಮೂಗಿನ ತುದಿ ಬಿಸಿಲಿಗೆ ಕೆಂಪಾಗಿದೆ. ಟೀಚರಮ್ಮನ ಮನೆಯೊಳಗೆ ಬಿಸಿಲು ಎಲ್ಲಿಂದ ಬರುತ್ತದೆ? ಬಾಲ್ಕನಿಯಲ್ಲಿ ಆಡಿರಬೇಕು. ಅಡುಗೆಮನೆಯ ಮಡಚುವ ಸ್ಟೂಲು ಕಾಣುತ್ತಿಲ್ಲ. ದೊಡ್ಡ ಕೊಡೆಯೂ ಇಲ್ಲ. ಈ ಮನೆಯಲ್ಲಿ ಇಟ್ಟ ವಸ್ತು ಇಟ್ಟಲ್ಲಿ ಇರುವುದಿಲ್ಲ.

ಮಾರ್ಚ್ 21, ಶುಕ್ರವಾರ

ಮುಗಿಯಿತು. ನೂರ ಹನ್ನೆರಡು. ಒಂದು ವಾರ ಮೊದಲೇ. ನಾಲ್ಕು ಡಬ್ಬಿ. ಐದೋ? ನಾಲ್ಕು. ಕೈ ಬರೆಯುವುದಕ್ಕಿಂತ ತಲೆ ಮುಂದೆ ಓಡುತ್ತಿದೆ. ಎದೆಯೂ ಓಡುತ್ತಿದೆ. ಹೆಂಡತಿ ಬಿಪಿ ಯಂತ್ರ ತಂದು ತೋಳಿಗೆ ಸುತ್ತಿದಳು. ಅಂಕಿ ನೋಡಿ, ಯಂತ್ರ ಕೆಟ್ಟಿದೆಯೇನೋ ಎಂದು ತನ್ನ ತೋಳಿಗೆ ಸುತ್ತಿಕೊಂಡಳು. ಕೆಟ್ಟಿರಲಿಲ್ಲ. ಮತ್ತೆ ನನಗೆ ಸುತ್ತಿದಳು. ಏನೂ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ನನಗೆ ಭಯ.

ಮಾರ್ಚ್ 22, ಶನಿವಾರ

ಹೆಂಡತಿ ಕೊನೆಗೂ ಮಾತಾಡಿದಳು. "ಬೈಯಲ್ಲ. ಒಂದೇ ಮಾತು. ಎರಡು ದಿನ ಆ ಡಬ್ಬಿ ಮುಟ್ಟದೆ ಇದ್ದು ತೋರಿಸಿ."

"ನನಗೇನು ಅದರ ಚಟ ಇದೆಯಾ?" ಎಂದೆ. "ಎರಡು ದಿನ ಏನು, ಇಪ್ಪತ್ತು ದಿನ ಇರ್ತೀನಿ."

"ಎರಡು ಸಾಕು."

ಬ್ಯಾಗಿನಲ್ಲಿದ್ದ ಆರು ಡಬ್ಬಿಯನ್ನೂ ಅವಳ ಕೈಗೆ ಕೊಟ್ಟೆ. ಇಸ್ತ್ರಿಪೆಟ್ಟಿಗೆಯ ಹಿಂದಿದ್ದ ಏಳನೆಯದನ್ನೂ ಕೊಟ್ಟೆ, ಅವಳು ಅಲ್ಲೇ ನೋಡುತ್ತಿದ್ದಳು. ಅದರ ಚಟ ನನಗಿಲ್ಲ.

ಮಾರ್ಚ್ 23, ಭಾನುವಾರ

ತಲೆನೋವು.

ಮಾರ್ಚ್ 24, ಸೋಮವಾರ

ಇವತ್ತಿನದನ್ನು ಬರೆಯದೆ ಬಿಡೋಣ ಎನಿಸಿತ್ತು. ಆದರೆ ಉಳಿದದ್ದನ್ನೆಲ್ಲ ಬರೆದಿದ್ದೇನೆ.

ನಿನ್ನೆ ಹದಿನಾಲ್ಕು ಗಂಟೆ ಮಲಗಿದ್ದೆನಂತೆ. ಆದರೂ ಬೆಳಿಗ್ಗೆ ತಲೆಯೊಳಗೆ ಯಾರೋ ಗೋಡೆ ಒಡೆಯುತ್ತಿದ್ದರು. ಕಚೇರಿಗೆ ಹೋಗಿ ಮೇಜಿನ ಮೇಲೆ ತಲೆಯಿಟ್ಟೆ. ಅಕ್ಕ ಹಣೆ ಮುಟ್ಟಿ ನೋಡಿ, "ಮನೆಗೆ ಹೋಗು ತಮ್ಮಾ" ಎಂದು ಬಸ್ಸು ಹತ್ತಿಸಿದರು. ಬಸ್ಸು ನಮ್ಮ ಮನೆಯ ಎದುರು ಬದಿಗೆ ಇಳಿಸುತ್ತದೆ. ಹನ್ನೊಂದು ಗಂಟೆಯ ಹೊತ್ತಿಗೆ ಸಿಗ್ನಲ್ ಕಂಬದ ಹತ್ತಿರ ನಿಂತೆ. ಹಸಿರು ಬಿತ್ತು. ನಡೆದೆ.

ಕಾಲುಗಳು ಅವುಗಳ ಹಳೆಯ ಚಾಳಿಗೆ ಮರಳಿದ್ದವು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಸುತ್ತಲಿದ್ದವರೆಲ್ಲ ದಡದಡ ಓಡಿದರು. ನಾನು ಅರ್ಧಕ್ಕೆ ಬರುವುದರೊಳಗೆ ಹಸಿರು ಮಿನುಗತೊಡಗಿತು. ಹೇಗೋ ಎಡವಿಕೊಂಡು ಡಿವೈಡರ್ ಹತ್ತಿದೆ. ಹಿಂದೆಯೇ ಲಾರಿಯೊಂದು ಹಾರ್ನು ಬಡಿಯುತ್ತ ಹೋಯಿತು. ಯಾವ ಮುಠ್ಠಾಳ ಇಟ್ಟ ದೀಪವೋ ಇದು, ಎಂದುಕೊಂಡೆ. ಹೌದು, ಹಾಗೆಂದೇ ಅಂದುಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಹೆಗಲು ಮುಟ್ಟಿಕೊಳ್ಳುವ ಬುದ್ಧಿಯೂ ಹೊಳೆಯಲಿಲ್ಲ.

"ಬಂದ್ರಾ ಅಳತೆ ಸಾಹೇಬ್ರು? ಬನ್ನಿ ಬನ್ನಿ" ಎಂದಿತು ಒಂದು ದನಿ.

ತಿರುಗಿದರೆ, ಡಿವೈಡರಿನ ಅಗಲವಾದ ಜಾಗದಲ್ಲಿ, ಕಂಬಕ್ಕೆ ಕಟ್ಟಿದ ನಮ್ಮ ಮನೆಯ ದೊಡ್ಡ ಕೊಡೆ. ಕೊಡೆಯ ಕೆಳಗೆ ನಮ್ಮ ಮನೆಯ ಮಡಚುವ ಸ್ಟೂಲು. ಸ್ಟೂಲಿನ ಮೇಲೆ ನಮ್ಮ ಅಮ್ಮ. ಎದುರಿಗೆ ಇನ್ನೊಂದು ಸ್ಟೂಲಿನಲ್ಲಿ ಟೀಚರಮ್ಮ. ಮಧ್ಯೆ ತಲೆಕೆಳಗಾಗಿಟ್ಟ ಬಕೆಟ್ಟು, ಅದರ ಮೇಲೆ ಇಸ್ಪೀಟಿನ ಎಲೆಗಳು, ಗಾಳಿಗೆ ಹಾರದಂತೆ ಒಂದು ಕಲ್ಲು. ಊರುಗೋಲು ಹಿಡಿದ ನಿವೃತ್ತ ಅಂಚೆಯವರೊಬ್ಬರು ಪಕ್ಕದಲ್ಲಿ ನಿಂತು, ಮುಂದಿನ ಹಸಿರು ಬರುವವರೆಗೆ ಅಮ್ಮನ ಎಲೆಗಳನ್ನು ಇಣುಕಿ ನೋಡುತ್ತಿದ್ದರು.

ಹದಿಮೂರು ಸೆಕೆಂಡಿನಲ್ಲಿ ಅಮ್ಮನಿಗೆ ಅರ್ಧ ರಸ್ತೆ ದಾಟಲಾಗುತ್ತದೆ. ಟೀಚರಮ್ಮನಿಗೂ ಅರ್ಧವೇ. ಆಕೆ ಆ ಅರ್ಧ, ಈಕೆ ಈ ಅರ್ಧ. ಗುರುವಾರದಿಂದ ಹೀಗೇ ನಡೆದಿದೆಯಂತೆ.

ಅಮ್ಮ ನನ್ನ ಮುಖವನ್ನು ನೋಡದೆ ಎಲೆಗಳನ್ನೇ ನೋಡುತ್ತಿದ್ದಳು.

ಟೀಚರಮ್ಮ ಒಂದು ಎಲೆ ಇಳಿಸಿ, "ಅಲ್ಲಾ ಕಣೇ, ನಿನ್ನ ಮಗ ನಿನಗೆ ಹುಟ್ಟಿದ್ದಾ ಕುದುರೆಗೆ ಹುಟ್ಟಿದ್ದಾ?" ಎಂದರು.

"ನನಗೇ ಹುಟ್ಟಿದ್ದು" ಎಂದಳು ಅಮ್ಮ. "ಕುದುರೆ ಆಮೇಲೆ ಡಬ್ಬಿಯಿಂದ ಬಂತು."

ಅಂಚೆಯವರು ನಕ್ಕರು. ನಾನೂ ನಗಲು ಹೋದೆ, ಆಗಲಿಲ್ಲ. ಬಿಸಿಲಿನಲ್ಲಿ, ಎರಡೂ ಕಡೆ ಲಾರಿಗಳ ನಡುವೆ, ನನ್ನ ತಾಯಿ ಬಕೆಟ್ಟಿನ ಮೇಲೆ ರಮ್ಮಿ ಆಡುತ್ತಿದ್ದಾಳೆ. ಅವಳನ್ನು ಅಲ್ಲಿ ಕೂರಿಸಿದವನು ನಾನು. ಮಂಡಿನೋವು ಅಂದಳು, ನೆಗಡಿ ಅಂದಳು, ನಿನ್ನ ದೀಪ ನನಗೆ ಸಾಲುತ್ತಿಲ್ಲ ಎಂದು ಮಾತ್ರ ಹೇಳಲಿಲ್ಲ. ಅವಳಿಗೇನಾದರೂ ಆಗಿದ್ದರೆ ಎಂಬ ಯೋಚನೆ ಬಂದು, ಕೊಡೆ ಕಟ್ಟಿದ ಹಗ್ಗ ಬಿಗಿಯಾಗಿದೆಯೇ ಎಂದು ಎಳೆದು ನೋಡಿದೆ. ಬರೆಯುವಾಗಲೂ ಆ ಯೋಚನೆ ಬಿಟ್ಟಿಲ್ಲ, ಇದಕ್ಕೆ ಡಬ್ಬಿ ಕಾರಣವಲ್ಲ.

"ತಪ್ಪಾಯ್ತಮ್ಮ" ಎಂದೆ.

"ಆಯ್ತು ಬಿಡು. ಕೂತ್ಕೋ, ಮುಖ ಬಾಡಿದೆ. ಇನ್ನೊಂದು ಹಸಿರು ಬರೋಕೆ ಹೊತ್ತಿದೆ" ಎಂದು ಸ್ಟೂಲಿನಲ್ಲಿ ಸರಿದು ಅರ್ಧ ಜಾಗ ಬಿಟ್ಟಳು. ನಾನು ಕೂತೆ. ಅವಳು ನನ್ನ ಬೆನ್ನ ಮರೆಯಲ್ಲಿ ಒಂದು ಜೋಕರನ್ನು ಬದಲಾಯಿಸಿದಳು.

ಮಾರ್ಚ್ 25, ಮಂಗಳವಾರ

ರಜೆ. ತಲೆನೋವು ಇದೆ. ಹೆಂಡತಿ ಅರ್ಧ ಲೋಟ ಕಾಫಿ ಕೊಟ್ಟು, "ಒಂದೇ ಸಲಕ್ಕೆ ಬಿಟ್ರೆ ಹೀಗೇ. ಇಳಿಸ್ತಾ ಇಳಿಸ್ತಾ ಬಿಡಬೇಕು" ಎಂದಳು. "ನಿಂಗೆ ಅಮ್ಮನ ವಿಚಾರ ಗೊತ್ತಿತ್ತಾ?" ಎಂದು ಕೇಳಿದೆ. ಗೊತ್ತಿರಲಿಲ್ಲವಂತೆ. "ಗೊತ್ತಿದ್ರೆ ಬಿಪಿ ಯಂತ್ರ ತರ್ತಿರಲಿಲ್ಲ, ಲಟ್ಟಣಿಗೆ ತರ್ತಿದ್ದೆ" ಎಂದಳು.

ಸಕ್ಕರೆ ಡಬ್ಬವನ್ನು ಅದರ ಹಳೆಯ ಜಾಗಕ್ಕೆ ಇಟ್ಟೆ. ಉಪ್ಪಿನದು ಎಲ್ಲಿಟ್ಟೆನೋ ನನಗೂ ನೆನಪಿಲ್ಲ.

ಮಾರ್ಚ್ 26, ಬುಧವಾರ

ಸಾಹೇಬರ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ನೂರ ಹನ್ನೆರಡರಲ್ಲಿ ಮೊದಲ ಐದನ್ನು ಬಿಟ್ಟು ಎಲ್ಲವೂ ತಪ್ಪು, ದಾಟಿದ್ದು ನಾನಲ್ಲ, ನನ್ನೊಳಗಿನ ಡಬ್ಬಿ, ಇವತ್ತೇ ಹಳೆಯ ಅಂಕಿಗಳಿಗೆ ಮರಳಬೇಕು ಎಂದೆ.

"ಹುಚ್ಚೇನ್ರೀ ನಿಮಗೆ?" ಎಂದರು. "ಶುಕ್ರವಾರ ಸಭೆ ಇದೆ. ಪ್ರಶಸ್ತಿಪತ್ರ ಅಚ್ಚಾಗಿದೆ. ಹರಿವು ಹದಿನೆಂಟು ಏರಿದೆ ಅಂತ ಮೇಲಿನೋರಿಗೆ ಬರೆದಾಗಿದೆ. ಈಗ ಇಳಿಸಿ ಅಂದ್ರೆ?"

ಆಗ ಅಕ್ಕ ಒಳಗೆ ಬಂದರು, ಕಂಕುಳಲ್ಲಿ ಹಾಳೆಗಳ ಕಟ್ಟು. ಮೇಜಿನ ಮೇಲಿಟ್ಟು, "ಸಾರ್, ಇವೆಲ್ಲ ನೀವು ಸಹಿ ಮಾಡಿರೋ ಹಾಳೆಗಳು. ಷರಾ ಕಾಲಂ ಒಂದ್ಸಲ ನೋಡ್ಬಿಡಿ" ಎಂದರು.

ಸಾಹೇಬರು ಓದಿದರು. ನಾನೂ ಭುಜದ ಮೇಲಿಂದ ಓದಿದೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ.

'ಸಿಗ್ನಲ್ 9: ದಾಟಿದವರು ಒಂದು ಡಬ್ಬಿ ಸೇವಿಸಿದ್ದರು. ನಡಿಗೆ ಎನ್ನಲು ಮನಸ್ಸು ಒಪ್ಪುವುದಿಲ್ಲ.'

'ಸಿಗ್ನಲ್ 33: ಡಬ್ಬಿ ಎರಡು. ದಾಟಿದವರ ಹಿಮ್ಮಡಿ ನೆಲಕ್ಕೆ ತಾಗಿದ್ದು ಕಾಣಲಿಲ್ಲ.'

'ಸಿಗ್ನಲ್ 61: ಈ ಅಂಕಿಯನ್ನು ಬಳಸಬಾರದೆಂದು ನನ್ನ ಅಭಿಪ್ರಾಯ. ದಾಟಿದವರ ತಾಯಿ ಕಿಟಕಿಯಲ್ಲಿ ಗಾಬರಿಯಾಗಿ ನಿಂತಿದ್ದರು.'

'ಸಿಗ್ನಲ್ 104: ಡಬ್ಬಿ ನಾಲ್ಕು. ದಾಟಿದವರು ದೀಪ ಹಸಿರಾಗುವ ಮೊದಲೇ ಆ ಕಡೆ ಇದ್ದರು.'

ಪ್ರತಿ ಹಾಳೆಯ ಕೆಳಗೂ ಸಾಹೇಬರ ಸಹಿ, ಉದ್ದನೆಯ ಬಾಲದ ಸಹಿ.

ಸಾಹೇಬರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. "ಈ ಕಾಲಂ ಯಾರಮ್ಮಾ ಓದ್ತಾರೆ?"

"ಮಾಮೂಲಿ ದಿನದಲ್ಲಿ ಯಾರೂ ಓದಲ್ಲ ಸಾರ್. ವಿಚಾರಣೆ ಅಂತ ಆದಾಗ ಮೊದಲು ಓದೋದು ಅದನ್ನೇ."

ನೂರ ಏಳು ಹಳೆಯ ಅಂಕಿಗಳು ಸಂಜೆ ನಾಲ್ಕಕ್ಕೇ ಕಂಟ್ರೋಲ್ ರೂಮಿಗೆ ಹೋದವು. ಸಾಹೇಬರು ಅಷ್ಟು ವೇಗವಾಗಿ ಕೆಲಸ ಮಾಡಿದ್ದನ್ನು ನಾನು ಕಂಡದ್ದು ಇದೇ ಮೊದಲು, ಅದೂ ಯಾವ ಡಬ್ಬಿಯೂ ಇಲ್ಲದೆ.

ಹೊರಗೆ ಬಂದು ಅಕ್ಕನನ್ನು ಕೇಳಿದೆ, "ನನಗೇ ಗಟ್ಟಿಯಾಗಿ ಬೈಬಹುದಿತ್ತಲ್ಲ?" ಎಂದು.

"ಬೈದೆ ತಮ್ಮಾ, ಮೂರು ಸಲ. ನಾನು ಒಂದು ಮಾತು ಮುಗಿಸೋದ್ರೊಳಗೆ ನೀನು ಆ ಕಡೆ ಫುಟ್‌ಪಾತಲ್ಲಿ ಇರ್ತಿದ್ದೆ."

ಮಾರ್ಚ್ 28, ಶುಕ್ರವಾರ

ಸಭೆಯಾಯಿತು. ಪ್ರಶಸ್ತಿಪತ್ರ ಬೀರುವಿಗೆ ಹೋಯಿತು. 'ತ್ವರಿತ ಸಾಧನೆಗಾಗಿ' ಎಂದು ಚಿನ್ನದ ಬಣ್ಣದಲ್ಲಿ ಅಚ್ಚಾಗಿತ್ತು, ಚೆನ್ನಾಗಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಅಮ್ಮ ಚಿಕ್ಕಂದಿನಿಂದ ಹೇಳುತ್ತಿದ್ದಳು. ಅದನ್ನು ಯಾರೂ ಚಿನ್ನದ ಬಣ್ಣದಲ್ಲಿ ಅಚ್ಚು ಹಾಕಿಸುವುದಿಲ್ಲ.

ಮೂಲೆ ಅಂಗಡಿಯವನು ಎರಡನೇ ಫ್ರಿಜ್ಜನ್ನು ಒಳಗೆ ಎಳೆದುಕೊಂಡಿದ್ದಾನೆ. "ಜನ ಮತ್ತೆ ನಡೆಯೋಕೆ ಶುರು ಮಾಡಿದ್ರು ಸಾರ್" ಎಂದ, ಯಾರೋ ಸತ್ತ ದನಿಯಲ್ಲಿ. ನಾನು ಒಂದು ಸೋಡಾ ಕುಡಿದೆ. ಹಳದಿ ಅಕ್ಷರಗಳ ಕಡೆಗೆ ಒಂದು ಸಲ ನೋಡಿದೆ. ಎರಡು ಸಲ ನೋಡಿದೆ. ಬಂದುಬಿಟ್ಟೆ.

ಮಾರ್ಚ್ 31, ಸೋಮವಾರ

ಹಳೆಯ ಅಂಕಿಗಳು ಬಂದವು ಎಂದರೆ ಕೆಲಸ ಮುಗಿದಂತಲ್ಲ. ಅಳತೆ ಹೊಸದಾಗಿ ಆಗಲೇಬೇಕು, ಈ ಸಲ ದಿನಕ್ಕೆ ಎರಡರಂತೆ. ಅರವತ್ತೊಂದರಿಂದ ಶುರು ಮಾಡೋಣ, ಆದರೆ ದಾಟುವುದು ನಾನಲ್ಲ ಎಂದು ಅಕ್ಕನಿಗೆ ಹೇಳಿದೆ.

ಹತ್ತು ಗಂಟೆಗೆ ಅಮ್ಮ ಬಿಸಿನೀರು ಕುಡಿದು ಬಂದಳು. "ಓಡಬೇಡ, ನಿಲ್ಲಬೇಡ, ನಿನ್ನ ಪಾಡಿಗೆ ನಡಿ" ಎಂದು ಹೇಳಿ ಸ್ಟಾಪ್‌ವಾಚ್ ನಾನೇ ಹಿಡಿದೆ. ದಾಟುವವರಿಗೆ ಸಾಕಷ್ಟು ಹೊತ್ತು ಸಿಗಲೆಂದು ಕಂಟ್ರೋಲ್ ರೂಮಿನವರು ಅಳತೆಯ ಹೊತ್ತಿಗೆ ಹಸಿರನ್ನು ನಲವತ್ತಕ್ಕೆ ಇಟ್ಟಿದ್ದರು. ಅಮ್ಮ ಹ್ಯಾಂಡ್‌ಬ್ಯಾಗ್ ಸರಿಮಾಡಿಕೊಂಡು ಹೊರಟಳು. ಡಿವೈಡರ್ ಹತ್ತಿರ ಬಂದಾಗ ರೂಢಿಯಿಂದ ಕೂರಲು ಸ್ಟೂಲು ಹುಡುಕಿದಳು. ಆಚೆಯಿಂದ ಟೀಚರಮ್ಮ "ಬಾರೇ ಈ ಕಡೆ!" ಎಂದು ಕೂಗಿದರು. ಆ ಸಲದ್ದನ್ನು ಬಿಟ್ಟು ಮತ್ತೆ ಶುರು ಮಾಡಿದೆವು. ಹತ್ತು ಸಲವೇಕೆ, ನಾಲ್ಕು ಸಾಕೆಂದು ಅಕ್ಕನೇ ಹೇಳಿದರು.

ಸರಾಸರಿ ಇಪ್ಪತ್ತೊಂಬತ್ತು ಸೆಕೆಂಡು.

ವಾಚನ್ನು ತಿರುಗಾಮುರುಗಾ ಮಾಡಿ ನೋಡಿದೆ. ಹನ್ನೊಂದು ವರ್ಷದಿಂದ ಇಲ್ಲಿ ಇದ್ದದ್ದು ಇಪ್ಪತ್ನಾಲ್ಕು. ನನ್ನ ಅಳತೆ, ಡಬ್ಬಿಗಿಂತ ಮೊದಲಿನದು, ನಾನು ಕಿಟಕಿಯಿಂದ ನೋಡಿ ಬೆನ್ನು ತಟ್ಟಿಕೊಂಡದ್ದು.

"ಅಮ್ಮ, ಮೊದಲು ಇಪ್ಪತ್ನಾಲ್ಕರಲ್ಲಿ ಹೇಗೆ ದಾಟ್ತಿದ್ದೆ?"

"ಕೊನೇಲಿ ಸ್ವಲ್ಪ ಓಡ್ತಿದ್ದೆ ಕಣೋ" ಎಂದಳು, ಇದೇನು ದೊಡ್ಡ ವಿಷಯ ಎಂಬಂತೆ.

"ಎಷ್ಟು ವರ್ಷದಿಂದ?"

"ಮೂರೋ ನಾಲ್ಕೋ."

"ಹೇಳಬಾರದಿತ್ತೇನಮ್ಮ?"

ಅಮ್ಮ ಹ್ಯಾಂಡ್‌ಬ್ಯಾಗಿನ ಜಿಪ್ಪು ಎಳೆದಳು. "ಈ ಊರಿಗೆಲ್ಲ ನನ್ನ ಮಗನ ನಡಿಗೇನೇ ಅಳತೆ ಅಂತ ಕಂಡಕಂಡೋರಿಗೆ ಹೇಳ್ಕೊಂಡು ಬಂದಿದ್ದೀನಿ. ಆ ಅಳತೆ ನನಗೇ ಸಾಲಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?"

ಅವಳ ಕೈ ಹಿಡಿದುಕೊಂಡೆ. "ಬಿಡೋ, ಆಟಕ್ಕೆ ಹೊತ್ತಾಯ್ತು" ಎಂದು ಬಿಡಿಸಿಕೊಂಡು ಟೀಚರಮ್ಮನ ಮನೆಯ ಮೆಟ್ಟಿಲು ಹತ್ತಿದಳು.

ಹಾಳೆಯಲ್ಲಿ ಇಪ್ಪತ್ತೊಂಬತ್ತು ಎಂದು ಬರೆದು, ನನ್ನ ಅಧಿಕಾರದಲ್ಲಿ ಮೂರು ಸೇರಿಸಿ ಮೂವತ್ತೆರಡು ಮಾಡಿದೆ. ಅಕ್ಕ ಹಾಳೆಯನ್ನು ಎಳೆದುಕೊಂಡು ಷರಾ ತುಂಬಿದರು. ಈಗೀಗ ನಾನು ಆ ಕಾಲಂ ಓದುತ್ತೇನೆ.

'ದಾಟಿದವರು: ತಾಯಿ. ಸೇವಿಸಿದ್ದು: ಅರ್ಧ ಲೋಟ ಬಿಸಿನೀರು. ಈ ಅಂಕಿಯನ್ನು ಯಾರೂ ಕಡಿಮೆ ಮಾಡತಕ್ಕದ್ದಲ್ಲ.'